ಕೊಡವಿಲ್ಲದೆ ಹೊಳೆಗೆ ಹೋದವಳು

"ಬಸ್ಸು ಸಿಕ್ನಿಲ್ವಾ ಅವ್ವಾ?"

ಹೋದ ಸಂಕ್ರಾಂತಿಯ ಮೂರನೆಯ ದಿನ ನನ್ನ ತವರೂರು ಅಗರದಿಂದ ಯಳಂದೂರಿಗೆ ಹೊಳೆಯ ದಡ ಹಿಡಿದು ನಡೆದುಹೋದೆ. ದಾರಿಯಲ್ಲಿ ನಾಲ್ಕು ಜನ ಎದುರಾದರು. ಎಮ್ಮೆ ಮೇಯಿಸುತ್ತಿದ್ದ ಮುದುಕ ಬಸ್ಸಿನ ವಿಚಾರ ಕೇಳಿದ. ಪಂಪ್‌ಸೆಟ್ಟಿನ ಹತ್ತಿರ ಕೂತಿದ್ದ ಹುಡುಗ, "ಯಾರ ಜಮೀನು ನೋಡೋಕೆ ಬಂದ್ರಿ?" ಎಂದ. ಬಾಳೆತೋಟದಲ್ಲಿ ಕಳೆ ಕೀಳುತ್ತಿದ್ದ ಹೆಂಗಸು, "ಯಾರಾದ್ರೂ ತೀರ್ಕೊಂಡ್ರಾ ಅಕ್ಕಾ?" ಎಂದು ಗಾಬರಿಯಾದಳು. ಸ್ಕೂಟರ್ ನಿಲ್ಲಿಸಿ ಫೋನಿನಲ್ಲಿ ಮಾತಾಡುತ್ತಿದ್ದ, ಓದಿಕೊಂಡವರ ಹಾಗೆ ಕಂಡ ಒಬ್ಬರು ನನ್ನ ಕಾಲಿನ ಬೂಟುಗಳನ್ನೊಮ್ಮೆ ನೋಡಿ, "ವಾಕಿಂಗಾ ಮೇಡಂ? ಶುಗರ್ರಾ?" ಎಂದರು.

ಬಸ್ಸು ತಪ್ಪಿರಬೇಕು, ಜಮೀನು ಕೊಳ್ಳಬೇಕಾಗಿರಬೇಕು, ಯಾರೋ ಸತ್ತಿರಬೇಕು, ಇಲ್ಲವೇ ಕಾಯಿಲೆಯಾದರೂ ಇರಬೇಕು. ಏಕೀಕರಣದ ವರ್ಷ ಹುಟ್ಟಿದ ಹೆಂಗಸೊಬ್ಬಳು ಒಬ್ಬಳೇ ಹೊಳೆಯ ಪಕ್ಕದಲ್ಲಿ ನಡೆಯುತ್ತಿದ್ದರೆ ನಮ್ಮ ಜನಕ್ಕೆ ತೋಚುವ ಕಾರಣ ಈ ನಾಲ್ಕೇ. ನಾಲ್ವರಿಗೂ ನಾನು "ಏನೂ ಇಲ್ಲ, ಸುಮ್ಮನೆ" ಎಂದೆ. ನಾಲ್ವರೂ ನಂಬಲಿಲ್ಲ.

ಈ "ಏನೂ ಇಲ್ಲ" ಅನ್ನುವ ಮಾತಿನ ಹಿಂದೆ ನನ್ನದೊಂದು ಹಳೆಯ ಸಿಟ್ಟಿದೆ. ಅದನ್ನು ಹೇಳುವುದಕ್ಕೆ ಮೊದಲು ಹೊಳೆಯ ವಿಚಾರ ಹೇಳಬೇಕು.

ನಮ್ಮ ಹೊಳೆಗೆ ಪುಸ್ತಕದಲ್ಲಿ ಸುವರ್ಣಾವತಿ ಎಂದು ಹೆಸರು. ಹಿರಿಯರ ಬಾಯಲ್ಲಿ ಹೊನ್ನುಹೊಳೆ. ಮನೆಯಲ್ಲಿ ಬರೀ "ಹೊಳೆ". ಚಾಮರಾಜನಗರದ ಆಚೆಯ ಕಾಡಿನಿಂದ ಇಳಿದು, ಯಳಂದೂರನ್ನು ಹಾಯ್ದು, ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಗೆ ಸೇರುತ್ತದೆ. ಅಗರ-ಮಾಂಬಳ್ಳಿ ಎಂದು ಒಂದೇ ಉಸಿರಿನಲ್ಲಿ ಹೇಳುವ ನಮ್ಮ ಊರುಗಳ ಗದ್ದೆ, ತೋಟ, ಜಗಳ ಎಲ್ಲ ಈ ಹೊಳೆಯ ನೀರಿನಿಂದಲೇ. 1956ರ ನವೆಂಬರ್ 1ರ ತನಕ ಕೊಳ್ಳೇಗಾಲ ಮದ್ರಾಸಿನವರ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಯಳಂದೂರು ಮೈಸೂರಿಗೆ. ನನ್ನಜ್ಜಿಯ ಕಾಲದ ಹೆಂಗಸರು ತಲೆಯ ಮೇಲೆ ಮಂಕರಿ ಹೊತ್ತು ದಡದಲ್ಲಿ ನಡೆಯುತ್ತ ನಡೆಯುತ್ತಲೇ ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ದಾಟುತ್ತಿದ್ದರು. ಅದು ಅವರ ತಲೆಗೆ ಗೊತ್ತಿತ್ತೋ ಇಲ್ಲವೋ, ಕಾಲಿಗಂತೂ ಗೊತ್ತಿದ್ದದ್ದು ಒಂದೇ ದಾರಿ. ಎತ್ತಿನ ಗಾಡಿಗೆ ಬೇರೆ ದಾರಿಯಿತ್ತು, ಆಮೇಲೆ ಬಸ್ಸಿಗೆ ಬೇರೆ. ದಡದ ಕಾಲುದಾರಿ ಮಾತ್ರ ಹೆಂಗಸರದು, ಮಕ್ಕಳದು, ದನಕರುಗಳದು.

ನಾನು ಓದಬೇಕಾಗಿದ್ದ ಹೈಸ್ಕೂಲು ಆಗ ಯಳಂದೂರಿನಲ್ಲಿತ್ತು. ಎಂಟನೆಯ ಕ್ಲಾಸಿನಲ್ಲಿ ನಾವು ಮೂವರು ಹುಡುಗಿಯರು ಒಟ್ಟಿಗೆ ನಡೆಯುತ್ತಿದ್ದೆವು. ಒಂಬತ್ತಕ್ಕೆ ಬರುವಷ್ಟರಲ್ಲಿ ಇಬ್ಬರ ಮದುವೆಯಾಗಿ ನಾನೊಬ್ಬಳೇ ಉಳಿದೆ. 1970ರ ಒಂದು ಸಂಜೆ ಬರುವ ದಾರಿಯಲ್ಲಿ ಹೊಳೆಮತ್ತಿ ಮರದ ಬೇರಿನ ಮೇಲೆ ಕೂತೆ. ಬೆಳ್ಳಕ್ಕಿಗಳು ಬಂದು ಎದುರು ದಡದ ಮರಕ್ಕೆ ಇಳಿಯುತ್ತಿದ್ದವು. ಒಂದು ಇಳಿದರೆ ಇನ್ನೊಂದು ಎದ್ದು ಜಾಗ ಬಿಡುತ್ತಿತ್ತು. ನೋಡುತ್ತ ಕೂತವಳಿಗೆ ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಮನೆಗೆ ಬಂದಾಗ ದೀಪ ಹಚ್ಚಿದ್ದರು.

"ಎಲ್ಲಿದ್ದೆ?"

"ಹೊಳೆ ಹತ್ರ ಕೂತಿದ್ದೆ ಅಪ್ಪ."

"ಏನ್ ಮಾಡ್ತಿದ್ದೆ?"

"ಏನೂ ಇಲ್ಲ."

ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಮಾರನೆಯ ದಿನ ಬೆಳಿಗ್ಗೆ ನನ್ನ ಪುಸ್ತಕದ ಚೀಲ ಅಟ್ಟಕ್ಕೆ ಹೋಗಿತ್ತು. ಅಮ್ಮ ಒಲೆಯ ಮುಂದೆ ಕೂತು, "ಒಂದ್ ಹೊರೆ ಹುಲ್ಲಾದ್ರೂ ತರಬಾರ್ದಿತ್ತಾ ಕೂಸೇ" ಎಂದಳು. ಅವಳ ಆ ಮಾತು ನನಗೆ ಅರ್ಥವಾಗಲು ಎಷ್ಟೋ ವರ್ಷ ಬೇಕಾಯಿತು. ನಾನು ತಡವಾಗಿ ಬಂದದ್ದು ತಪ್ಪಲ್ಲ. ಬರಿಗೈಯಲ್ಲಿ ತಡವಾಗಿ ಬಂದದ್ದು ತಪ್ಪು. ತಲೆಯ ಮೇಲೆ ಹುಲ್ಲಿನ ಹೊರೆ ಇದ್ದಿದ್ದರೆ ಅದೇ ಕತ್ತಲೆ, ಅದೇ ಹೊಳೆ, ಅದೇ ಹುಡುಗಿ ಎಲ್ಲವೂ ಸರಿಹೋಗುತ್ತಿತ್ತು. ಎರಡು ವರ್ಷದ ನಂತರ ನನ್ನ ತಮ್ಮ ಅದೇ ಹೈಸ್ಕೂಲಿಗೆ ಸೇರಿದ. ಅವನು ರಾತ್ರಿ ಎಂಟಕ್ಕೆ ಬಂದು "ಹೊಳೇಲಿ ಈಜ್ತಿದ್ದೆ" ಎಂದರೆ ಅಮ್ಮ ಬಿಸಿನೀರು ಕಾಯಿಸಿ ಕೊಡುತ್ತಿದ್ದಳು. ಇನ್ನೂ ಒಂದು ವರ್ಷಕ್ಕೆ ಸೈಕಲ್ಲೂ ಬಂತು. ನಾನು ಮದುವೆಯಾಗಿ ಮೈಸೂರಿಗೆ ಹೋಗಿ, ಎರಡು ಮಕ್ಕಳಾದ ಮೇಲೆ ಎಸ್ಸೆಸ್ಸೆಲ್ಸಿ ಖಾಸಗಿಯಾಗಿ ಕಟ್ಟಿ ಪಾಸು ಮಾಡಿದೆ.

ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಹಾಡಿ ಹೊಗಳಲು ಹೊರಟವಳು ನಾನಲ್ಲ. ಆ ಕಾಲುದಾರಿ ಹೆಂಗಸರದಾಗಿತ್ತು ಎಂದೆನಲ್ಲ, ಅದು ಎಲ್ಲ ಹೆಂಗಸರದೂ ಒಂದೇ ಸಮನಾಗಿ ಆಗಿರಲಿಲ್ಲ. ನೀರು ತುಂಬುವ ಜಾಗದಲ್ಲಿ ಜಾತಿಗೊಂದು ಇಳಿತಾಣವಿತ್ತು. ದಲಿತ ಕೇರಿಯ ಹೆಂಗಸರು ಎದುರಿಗೆ ಬಂದರೆ ಅವರೇ ದಾರಿ ಬಿಟ್ಟು ಗದ್ದೆಯ ಬದುವಿಗೆ ಇಳಿಯಬೇಕಾಗಿತ್ತು. ನಮ್ಮಂಥವರು ಇಳಿದದ್ದನ್ನು ನಾನು ಕಂಡಿಲ್ಲ. ನಸುಕಿನಲ್ಲಿ ಚೊಂಬು ಹಿಡಿದು ದಡಕ್ಕೆ ಹೋಗುವ ಅವಮಾನ, ಬೇಸಿಗೆಯಲ್ಲಿ ಮರಳು ಬಗೆದು ಒರತೆಯ ನೀರು ತೋಡುವ ಕಷ್ಟ, ಮಳೆಗಾಲದ ಜಾರು, ಹಾವು ಎಲ್ಲವೂ ಇದ್ದವು. ನಲ್ಲಿ ಬಂತು, ಒಳ್ಳೆಯದಾಯಿತು. ಮನೆಗೆ ಕಕ್ಕಸು ಬಂತು, ಇನ್ನೂ ಒಳ್ಳೆಯದಾಯಿತು. ಬಸ್ಸು ಬಂತು, ಬಸುರಿಯರು ಆಸ್ಪತ್ರೆಗೆ ಮುಟ್ಟಿದರು. ಇವುಗಳಲ್ಲಿ ಒಂದನ್ನೂ ನಾನು ವಾಪಸ್ಸು ಕೊಡಲಾರೆ.

ನನ್ನ ತಕರಾರು ಬೇರೆ. ಕೊಡ ಹೋದಾಗ ಕೊಡದ ಜೊತೆಗೆ ದಾರಿಯೂ ಹೋಯಿತು. ನಮಗೆ ನಡೆಯುವ ಹಕ್ಕು ಎಂದೂ ಇರಲಿಲ್ಲ, ಕೊಡಕ್ಕೆ ಇತ್ತು. ನಾವು ಕೊಡದ ಕೆಳಗೆ ನಡೆಯುತ್ತಿದ್ದೆವು. ಬಟ್ಟೆಯ ಗಂಟಿಗೆ ಇತ್ತು, ಹುಲ್ಲಿನ ಹೊರೆಗೆ ಇತ್ತು. ಕೆಲಸಗಳು ಒಂದೊಂದಾಗಿ ಮನೆಯೊಳಗೆ ಬಂದ ಹಾಗೆಲ್ಲ ನಾವೂ ಅವುಗಳ ಹಿಂದೆಯೇ ಒಳಗೆ ಬಂದೆವು. ಬಾಗಿಲು ಹಾಕಿಕೊಂಡಿತು. ಯಾರೂ ಅದನ್ನು ದೂಡಿ ಹಾಕಲಿಲ್ಲ, ಅದಕ್ಕೇ ನಮಗೆ ಗೊತ್ತಾಗಲಿಲ್ಲ.

"ಈಗ ಹೆಂಗಸರು ನಡೆಯುವುದಿಲ್ಲವೇ? ಬೆಳಿಗ್ಗೆ ಎದ್ದರೆ ಪಾರ್ಕಿನ ತುಂಬ ಅವರೇ" ಎಂದು ನೀವು ಹೇಳಬಹುದು. ಹೌದು, ನಾನೂ ಅಲ್ಲಿದ್ದೇನೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯುವ ನನ್ನ ವಯಸ್ಸಿನ ಹೆಂಗಸರನ್ನು ನಿಲ್ಲಿಸಿ ಕೇಳಿ ನೋಡಿ. ಒಬ್ಬರಿಗೆ ಸಕ್ಕರೆ, ಒಬ್ಬರಿಗೆ ಬಿ.ಪಿ., ಇನ್ನೊಬ್ಬರಿಗೆ ಡಾಕ್ಟರು ದಿನಕ್ಕೆ ನಲವತ್ತು ನಿಮಿಷ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಸಕ್ಕರೆ ಕಾಯಿಲೆ ನಮ್ಮ ಹೊಸ ಕೊಡ. ಅದನ್ನು ಹೊತ್ತುಕೊಂಡರೆ ಮನೆಯವರು ಬಾಗಿಲು ತೆಗೆದು ಕಳಿಸುತ್ತಾರೆ. ಅದೇ ಕೆರೆಯ ಸುತ್ತ ಕುವೆಂಪು ನಡೆದರು, ನಿಂತರು, ಕವಿತೆ ಕಟ್ಟಿದರು. ಅವರ ರಕ್ತದಲ್ಲಿ ಸಕ್ಕರೆ ಎಷ್ಟಿತ್ತೆಂದು ಯಾರೂ ವಿಚಾರಿಸಲಿಲ್ಲ.

ದೇವರ ಹೆಸರಿನ ಕೊಡವೂ ಒಂದಿದೆ. ನಮ್ಮ ಸೀಮೆಯಲ್ಲಿ ಶಿವರಾತ್ರಿ ಬಂದರೆ ಮಲೆ ಮಹದೇಶ್ವರನ ಬೆಟ್ಟಕ್ಕೆ ಸಾವಿರಾರು ಜನ ಕಾಲುನಡಿಗೆಯಲ್ಲಿ ಹೋಗುತ್ತಾರೆ. ಅವರಲ್ಲಿ ಹೆಂಗಸರೂ ಇದ್ದಾರೆ, ಕಾಡಿನ ದಾರಿಯಲ್ಲಿ, ರಾತ್ರಿಯಲ್ಲಿ. ಹರಕೆ ಎಂದರೆ ಮಾವ, ಗಂಡ, ಮಗ ಯಾರೂ ತುಟಿ ಬಿಚ್ಚುವುದಿಲ್ಲ. ಇನ್ನು ನಾಟಿಗೆ, ಕಳೆಗೆ ಕೂಲಿ ಹೋಗುವ ಹೆಂಗಸರು. ಅವರು ಈಗಲೂ ದಡದ ಮೇಲೆ ನಡೆಯುತ್ತಾರೆ. ಅವರ ಪರವಾನಗಿಗೆ ಹಸಿವು ಸಹಿ ಹಾಕಿದೆ. ಕಾಯಿಲೆ, ಹರಕೆ, ಹಸಿವು ಈ ಮೂರರಲ್ಲಿ ಒಂದೂ ಇಲ್ಲದೆ ನಾಲ್ಕು ಹೆಜ್ಜೆ ಹಾಕಿದ ಹೆಣ್ಣು ಎಲ್ಲಿದ್ದಾಳೆ, ತೋರಿಸಿ.

ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದಳು ಎಂದು ನಾವು ಮಹಿಳಾ ಸಮಾಜದಲ್ಲಿ ಜಯಂತಿ ಮಾಡುತ್ತೇವೆ, ಪಾನಕ ಹಂಚುತ್ತೇವೆ. ಸಭೆ ಆರೂವರೆಗೆ ಮುಗಿಯದಿದ್ದರೆ ಮಗಳಿಗೆ ಫೋನು ಮಾಡಿ "ಆಟೋ ಹಿಡಿದುಕೊಂಡು ನೇರವಾಗಿ ಮನೆಗೆ ಹೋಗು" ಎನ್ನುತ್ತೇವೆ. ನಮ್ಮ ಯಳಂದೂರಿನ ಹೆಮ್ಮೆ ಸಂಚಿಯ ಹೊನ್ನಮ್ಮ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆ ಸಂಚಿಯ ಊಳಿಗದಲ್ಲಿದ್ದು 'ಹದಿಬದೆಯ ಧರ್ಮ' ಬರೆದವಳು. ಪತಿವ್ರತೆ ಮನೆಯಲ್ಲಿ ಹೇಗಿರಬೇಕೆಂದು ಅವಳು ಬರೆದದ್ದನ್ನು ನಮಗೆ ಬಾಯಿಪಾಠ ಮಾಡಿಸಿದರು. ಅವಳು ಸ್ವತಃ ಯಳಂದೂರಿನ ಮನೆಯೊಳಗೆ ಕೂತಿರಲಿಲ್ಲ, ಊರು ಬಿಟ್ಟು ಹೊರಟು ಅರಮನೆಯನ್ನು ಮುಟ್ಟಿ ಅಕ್ಷರ ಕಲಿತಳು ಎಂಬುದನ್ನು ಯಾರೂ ಪಾಠ ಮಾಡಲಿಲ್ಲ. ಹೆಣ್ಣನ್ನು ಹೀಗಳೆಯುವವರನ್ನು ಅದೇ ಕಾವ್ಯದಲ್ಲಿ ಅವಳು ಗದರಿಸಿದ್ದಾಳೆ. ನಡೆದು ಹೊರಗೆ ಹೋದವಳಿಗೆ ಮಾತ್ರ ಬರುವ ಗಟ್ಟಿ ದನಿ ಅದು ಎಂದು ನನಗನ್ನಿಸುತ್ತದೆ.

ಇದು ನಮ್ಮೊಬ್ಬರ ಹಣೆಬರಹವೂ ಅಲ್ಲ. ಇಂಗ್ಲೆಂಡಿನ ಲೇಖಕಿ ವರ್ಜೀನಿಯಾ ವುಲ್ಫ್ 1927ರಲ್ಲಿ ಒಂದು ಪ್ರಬಂಧ ಬರೆದಳು. ಚಳಿಗಾಲದ ಸಂಜೆ ಲಂಡನ್ನಿನ ಬೀದಿಗಳಲ್ಲಿ ಸುಮ್ಮನೆ ಸುತ್ತುವ ಆಸೆ. ಅದಕ್ಕೊಂದು ನೆಪ ಬೇಕಲ್ಲ, ಪೆನ್ಸಿಲ್ ಕೊಳ್ಳಬೇಕು ಎನ್ನುತ್ತಾಳೆ! ಅಷ್ಟು ದೊಡ್ಡ ಲೇಖಕಿಗೂ ಒಂದು ಪೆನ್ಸಿಲಿನ ಕೊಡ ಬೇಕಾಯಿತು. ಮುಂಬಯಿಯ ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಎಂಬ ಮೂವರು 2011ರಲ್ಲಿ ಒಂದು ಪುಸ್ತಕವನ್ನೇ ಬರೆದು, ಹೆಣ್ಣಿಗೆ ಬೀದಿಯಲ್ಲಿ ಏನೂ ಕೆಲಸವಿಲ್ಲದೆ ನಿಲ್ಲುವ ಹಕ್ಕು ಬೇಕು ಎಂದು ವಾದಿಸಿದ್ದಾರೆ. ಅದನ್ನು ಓದಿದಾಗ ನನಗೆ ನೆನಪಾದದ್ದು ಅಟ್ಟ ಸೇರಿದ ಪುಸ್ತಕದ ಚೀಲ.

ಈಗ ಎದುರುವಾದಗಳಿಗೆ ಬರುತ್ತೇನೆ. ಮೊದಲನೆಯದು ಬಸ್ಸು. "2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸೇ ಪುಕ್ಕಟೆ. ಇನ್ನು ನಡೆಯುವ ಹುಚ್ಚೇಕೆ?" ಎಂದ ನನ್ನ ತಮ್ಮ. ನಾನು ಶಕ್ತಿ ಯೋಜನೆಯ ಪರ. ಗಂಡನ ಹತ್ತಿರ ಹತ್ತು ರೂಪಾಯಿಗೆ ಕೈಚಾಚದೆ ತವರಿಗೆ ಹೋಗಿಬಂದ ಹೆಂಗಸರ ಮುಖ ನೋಡಿದ್ದೇನೆ. ಆದರೆ ಬಸ್ಸು ಊರಿನಿಂದ ಊರಿಗೆ ಒಯ್ಯುತ್ತದೆ, ನಡುವಿನದನ್ನು ಕೊಡುವುದಿಲ್ಲ. ಅಗರ ಮತ್ತು ಯಳಂದೂರಿನ ನಡುವೆ ಒಂದು ಹೊಳೆ ಇದೆ, ದೂರದಲ್ಲಿ ಬಿಳಿಗಿರಿರಂಗನ ಬೆಟ್ಟವಿದೆ, ಕುಯ್ಲಾದ ಗದ್ದೆಯ ವಾಸನೆ ಇದೆ, ನನ್ನದೇ ಆದ ಒಂದೆರಡು ಗಂಟೆ ಇದೆ. ಬಸ್ಸಿನಲ್ಲಿ ಹೆಂಗಸರು ಒಬ್ಬರಿಗೊಬ್ಬರು ಒತ್ತಿಕೊಂಡು ನಿಲ್ಲುವಾಗ ಆ ಒಂಟಿತನ ಎಲ್ಲಿ ಸಿಗಬೇಕು? ಹತ್ತು ಹಲವು ಮನೆವಾರ್ತೆಯ ನಡುವೆ ನಮಗೆ ನಿಜವಾಗಿ ಇಲ್ಲದ ವಸ್ತು ಅದೊಂದೇ.

ಎರಡನೆಯದು ಹೆದರಿಕೆ. ಇದನ್ನು ನಾನು ಹಗುರವಾಗಿ ಹೇಳಲಾರೆ, ನನಗೂ ಮೊಮ್ಮಗಳಿದ್ದಾಳೆ. ಪೇಪರು ಬಿಡಿಸಿದರೆ ಎದೆ ನಡುಗುತ್ತದೆ. ಆದರೆ ನೋಡಿ, ನಮ್ಮ ದಡ ಯಾವಾಗ ಭಯದ ಜಾಗವಾಯಿತು? ಬೆಳಗಿನಿಂದ ಸಂಜೆಯ ತನಕ ಬಟ್ಟೆ ಒಗೆಯುವ ಸದ್ದು, ಬೈಗುಳ, ನಗು ಇದ್ದಾಗ ಅಲ್ಲಿ ಬಾಟಲಿ ಹಿಡಿದು ಕೂರುವ ಧೈರ್ಯ ಯಾವ ಗಂಡಸಿಗೂ ಇರಲಿಲ್ಲ. ನಾವು ಬಿಟ್ಟ ಮೇಲೆ ಅವರು ಬಂದರು. ಈಗ ಅವರಿದ್ದಾರೆಂದು ನಾವು ಹೋಗುವುದಿಲ್ಲ, ನಾವು ಹೋಗುವುದಿಲ್ಲವೆಂದು ಅವರಿದ್ದಾರೆ. ಈ ಸರಪಣಿಯನ್ನು ಎಲ್ಲಾದರೂ ಒಂದು ಕಡೆ ಕಡಿಯಬೇಕು. ಒಬ್ಬೊಬ್ಬ ಹುಡುಗಿಯನ್ನು ಒಂಟಿಯಾಗಿ ಮುಂದೆ ತಳ್ಳಿ ಕಡಿಯಿರಿ ಎನ್ನುತ್ತಿಲ್ಲ. ವಯಸ್ಸಾದ ನಾವು ಮೊದಲು ಹೋಗೋಣ, ನಾಲ್ಕು ಜನ ಸೇರಿ ಹೋಗೋಣ ಎನ್ನುತ್ತೇನೆ.

ಸಂಕ್ರಾಂತಿಯ ಆ ನಡಿಗೆ ಅರ್ಧ ದಾರಿಯಲ್ಲಿ ನಿಂತಿತು. ಎದುರಿಗೆ ಮುಳ್ಳುತಂತಿ. ಅದರಾಚೆ ತೆಂಗಿನ ಸಸಿಗಳು, ಸಸಿಗಳ ಸಾಲು ಹೊಳೆಯ ನೀರಿನ ತನಕ. ನಾನು ನನ್ನ ಸಿಟ್ಟನ್ನೆಲ್ಲ ಒಟ್ಟುಮಾಡಿಕೊಂಡು ಆ ಜಮೀನಿನ ಯಜಮಾನರನ್ನು ಕೂಗಿದೆ. ಅವರು ಬಂದರು. ಜಗಳಕ್ಕೆ ಬರಲಿಲ್ಲ, ಎಳನೀರು ಕೊಚ್ಚಿಕೊಟ್ಟು ಹೇಳಿದರು: "ಇಲ್ಲಿ ದಾರಿ ಇದ್ದದ್ದು ನಂಗೂ ಗೊತ್ತು ಕಣವ್ವ. ನಮ್ಮವ್ವನೂ ಇಲ್ಲೇ ಓಡಾಡ್ತಿದ್ಲು. ಹತ್ತು ವರ್ಷ ನೋಡ್ದೆ, ಒಂದು ನರಪಿಳ್ಳೆನೂ ಬರ್ನಿಲ್ಲ. ಅದ್ಕೇ ತಂತಿ ಎಳ್ದೆ."

ನನ್ನ ಸಿಟ್ಟು ಅಲ್ಲಿಗೆ ದಿಕ್ಕು ಬದಲಿಸಿತು. ದಾರಿಯನ್ನು ಅವರು ಕದ್ದಿರಲಿಲ್ಲ, ನಾವು ಬಿಟ್ಟುಬಂದಿದ್ದೆವು. ನಲ್ಲಿಯ ಪಕ್ಕದಲ್ಲಿ ಕೊಡ ಇಟ್ಟು ಟಿ.ವಿ.ಯ ಮುಂದೆ ಕೂತ ನಾನೂ ಆ ತಂತಿಯ ಒಂದು ಎಳೆ ಹಿಡಿದಿದ್ದೆ.

ಹಾಗೆಂದು ದಾರಿ ಅವರದಾಗುವುದಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೆಯ ಕಲಮು ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿ, ಹೊಳೆ, ಹಳ್ಳ ಎಲ್ಲವೂ ಸರ್ಕಾರದ ಸ್ವತ್ತು ಎನ್ನುತ್ತದೆ. ನಮ್ಮ ರೈತರಿಗೆಲ್ಲ "ನಕಾಶೆ ಕಂಡ ದಾರಿ" ಎಂಬ ಮಾತು ಗೊತ್ತು. ಗ್ರಾಮ ನಕಾಶೆಯಲ್ಲಿ ಗುರುತಾದ ದಾರಿಯನ್ನು ಮುಚ್ಚುವ ಹಾಗಿಲ್ಲ. ಗಂಡಸರು ಟ್ರ್ಯಾಕ್ಟರ್ ಹೋಗಬೇಕಾದರೆ ಈ ನಕಾಶೆ ಹಿಡಿದುಕೊಂಡು ಕೋರ್ಟಿನ ತನಕ ಹೋಗುತ್ತಾರೆ. ಹೆಂಗಸಿನ ಕಾಲಿಗಾಗಿ ಯಾರು ಹೋಗಬೇಕು? ಇಂಗ್ಲೆಂಡಿನಲ್ಲಿ 1949ರಲ್ಲಿ ಒಂದು ಕಾಯಿದೆ ಮಾಡಿ, ಹೊಲದ ನಡುವೆ ಹಾಯುವ ಕಾಲುದಾರಿಗಳನ್ನೂ ಅಳೆದು ನಕ್ಷೆ ಬರೆಯುವ ಕೆಲಸವನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿದರು. ಒಮ್ಮೆ ದಾರಿಯಾದದ್ದು ಎಂದೆಂದಿಗೂ ದಾರಿ ಎಂಬುದು ಅವರ ನ್ಯಾಯಾಲಯದ ಹಳೆಯ ಮಾತು. 1996ರಲ್ಲಿ ಥೇಮ್ಸ್ ನದಿಯ ದಡಗುಂಟ ಉದ್ದಕ್ಕೂ ನಡೆಯುವ ದಾರಿಯನ್ನೇ ತೆರೆದರು. ನಮ್ಮನ್ನು ಆಳಿದವರಿಂದ ರೈಲು, ಕ್ರಿಕೆಟ್ಟು, ಕಾಫಿಗೆ ಬಿಸ್ಕತ್ತು ಎಲ್ಲ ಕಲಿತೆವು. ಇದೊಂದನ್ನು ಮಾತ್ರ ಬಿಟ್ಟೆವು.

ಹೊಳೆಯ ಕಡೆಯಿಂದಲೂ ಒಂದು ಮಾತಿದೆ. 2022ರ ಮಳೆಗಾಲದಲ್ಲಿ ಸುವರ್ಣಾವತಿ ಉಕ್ಕಿ ಯಳಂದೂರು ತಾಲ್ಲೂಕಿನ ಹಲವು ಊರುಗಳ ಗದ್ದೆಗೆ, ಮನೆಗೆ ನೀರು ನುಗ್ಗಿತು. ಆಗ ಹೊಳೆ ತನ್ನ ದಡ ಎಲ್ಲಿಯವರೆಗೆ ಎಂದು ತಾನೇ ಅಳೆದು ತೋರಿಸಿತು. ಮನುಷ್ಯರು ನಡೆಯಲು ನಾಲ್ಕಡಿ ಬಿಟ್ಟ ಜಾಗದಲ್ಲಿ ನೀರಿಗೂ ಉಸಿರಾಡಲು ಎಡೆಯಿರುತ್ತದೆ. ನೀರಿನ ಅಂಚಿನ ತನಕ ಬೇಲಿ ಹಾಕಿದವರು ನಮ್ಮ ದಾರಿಯನ್ನಷ್ಟೇ ಅಲ್ಲ, ಅದರ ದಾರಿಯನ್ನೂ ಕಟ್ಟಿದ್ದಾರೆ.

ನಕಾಶೆಯ ನಕಲು ಬೇಕೆಂದು ನಾನು ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಎಂಬುದು ಬೇಡ, ಎಲ್ಲ ಕಚೇರಿಯೂ ಒಂದೇ. ಅರ್ಜಿಯನ್ನು ಮೇಲಿಂದ ಕೆಳಗೆ ನೋಡಿದ ಗುಮಾಸ್ತರು, "ಉದ್ದೇಶ ಬರೆದಿಲ್ವಲ್ಲ ತಾಯೀ. ಕ್ರಯಕ್ಕಾ, ವಿಭಾಗಕ್ಕಾ, ವ್ಯಾಜ್ಯಕ್ಕಾ?" ಎಂದರು. ಐವತ್ತು ವರ್ಷಗಳ ನಂತರ ಅಪ್ಪ ಕೇಳಿದ ಪ್ರಶ್ನೆಯನ್ನೇ ಸರ್ಕಾರ ಕೇಳುತ್ತಿತ್ತು. ನಾನು ಪೆನ್ನು ತೆಗೆದು "ನಡೆಯುವುದಕ್ಕೆ" ಎಂದು ಬರೆದೆ. ಅವರು ಪಕ್ಕದ ಮೇಜಿನವರಿಗೆ ತೋರಿಸಿದರು, ಇಬ್ಬರೂ ನಕ್ಕರು. ಕೆಟ್ಟ ನಗುವಲ್ಲ. ಅಂಥ ಉದ್ದೇಶವನ್ನು ಅವರು ಅದುವರೆಗೆ ಕಂಡಿರಲಿಲ್ಲ, ಅಷ್ಟೆ.

ನಾನು ಕೇಳುವುದು ದೊಡ್ಡದೇನಲ್ಲ. ಸಿಮೆಂಟು ಇಟ್ಟಿಗೆ ಹಾಸಬೇಡಿ, ಬಣ್ಣದ ದೀಪ ಹಾಕಬೇಡಿ, ಟಿಕೆಟ್ಟಿನ ಗೂಡು ಕಟ್ಟಬೇಡಿ. ನಕಾಶೆಯಲ್ಲಿರುವ ಕಾಲುದಾರಿಯನ್ನು ಅಳೆದು ಎರಡು ಕಲ್ಲು ನೆಡಿ. ಬೇಲಿ ಇರಲಿ, ಒಬ್ಬರು ಹಾಯುವಷ್ಟು ಕಂಡಿ ಬಿಡಿ. ಕೇರಿಯ ಹೆಂಗಸಿಗೂ ಓಣಿಯ ಹೆಂಗಸಿಗೂ ಅದೊಂದೇ ಕಂಡಿ. ಎದುರಾದರೆ ಈ ಸಲ ನಾನು ಬದುವಿಗೆ ಇಳಿಯುತ್ತೇನೆ.

ಉಳಿದದ್ದು ಸರ್ಕಾರದ ಕೆಲಸವಲ್ಲ, ನಮ್ಮದು. ಅಗರ ಬೇಡ, ನಿಮ್ಮ ನಿಮ್ಮ ಊರಿನ ಹೊಳೆಯೋ ಕೆರೆಯೋ ಕಾಲುವೆಯೋ ಇದ್ದೇ ಇರುತ್ತದೆ. ಕೈಯಲ್ಲಿ ಚೀಲವಿಲ್ಲದೆ, ಡಾಕ್ಟರ ಚೀಟಿಯಿಲ್ಲದೆ, ಹರಕೆಯಿಲ್ಲದೆ ಒಂದು ದಿನ ಅಲ್ಲಿಗೆ ಹೋಗಿ. ಎಲ್ಲಿಗೆ ಎಂದು ಕೇಳುತ್ತಾರೆ. ಸುಳ್ಳು ಹೇಳಬೇಡಿ, ತರಕಾರಿಗೆ ಎನ್ನಬೇಡಿ. ತಮ್ಮನ ಹೆಂಡತಿ ನನ್ನನ್ನು ಕೇಳಿದಾಗ ನಾನು ಹೇಳಿದ್ದನ್ನೇ ನೀವೂ ಹೇಳಿ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಲೆ ಆರಿಸಿ, "ಅಕ್ಕಾ, ನಾಳೆ ಹೋಗೋದಾದ್ರೆ ನಾನೂ ಬತ್ತೀನಿ" ಎಂದಳು.

ಮಾರನೆಯ ದಿನ ಹೊಸಿಲು ದಾಟುವಾಗ ಅಭ್ಯಾಸಬಲದಿಂದ ಅವಳ ಕೈ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕೊಡದ ಕಡೆಗೆ ಹೋಯಿತು. ನಾನು ನೋಡಿದೆ. ಅವಳೂ ನೋಡಿಕೊಂಡು ನಕ್ಕಳು, ಬಿಟ್ಟು ಬಂದಳು.